1997ರ ಮಾರುತಿ 800: ಘಾಟಿ ಹತ್ತುವಾಗ ಮಾತ್ರ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತದೆ

ತೋಟದಮನೆ

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಮೆಕ್ಯಾನಿಕ್ ಹತ್ತಿರ ಹೋದರೆ ಅರ್ಧ ಕಥೆ ಕೇಳುವಷ್ಟರಲ್ಲಿ ಬಾನೆಟ್ ಎತ್ತಿರುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಗಾಡಿ 1997ರ ಮಾರುತಿ 800. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಇಂಜಿನ್, ನಾಲ್ಕು ಗೇರ್. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತಂದಿದ್ದು. ಈಗ ಅಪ್ಪ ಇಲ್ಲ, ಗಾಡಿ ಇದೆ. ಮೀಟರಿನಲ್ಲಿ 1,38,000 ಚಿಲ್ಲರೆ ಕಿಲೋಮೀಟರ್. 2012, 2017, 2022 ಹೀಗೆ ಮೂರು ಸಲ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿದ್ದೇನೆ, ಮುಂದಿನದು 2027ಕ್ಕೆ. ಬಾಡಿ ಗಟ್ಟಿ ಇದೆ. ಮಲೆನಾಡಿನ ಮಳೆಗೆ ಬಾಗಿಲ ಕೆಳಗೆ ಸ್ವಲ್ಪ ತುಕ್ಕು ಬಿಟ್ಟರೆ ದೂರು ಹೇಳುವ ಹಾಗಿಲ್ಲ.

ಮನೆ ತೀರ್ಥಹಳ್ಳಿ ಹತ್ತಿರ. ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ. ತಿಂಗಳಿಗೆ ಎರಡು ಶನಿವಾರ ನಾನು, ನಮ್ಮಾಕೆ ಹೋಗಿ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಸಂಜೆ ವಾಪಸ್ ಬರುತ್ತೇವೆ. ಆಗುಂಬೆ ಘಾಟಿ ಇಳಿಯುವಾಗ ಗಾಡಿ ಒಂದು ದಿನವೂ ಕೈ ಕೊಟ್ಟಿಲ್ಲ. ಹತ್ತುವಾಗಲೇ ಗ್ರಹಚಾರ. ಸೋಮೇಶ್ವರದಿಂದ ಹೊರಟು ನಾಲ್ಕೈದು ತಿರುವು ಸರಿಯಾಗಿ ಹೋಗುತ್ತದೆ. ಆಮೇಲೆ ಪಿಕಪ್ ಬೀಳುತ್ತದೆ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಜಗ್ಗುತ್ತದೆ, ಎರಡು ಸಲ ಬಿಕ್ಕಳಿಸುತ್ತದೆ, ಆಫ್. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ.

ಕಳೆದ ಮೂರು ಸಲವೂ ಕೆಳಗಿನಿಂದ ಎಣಿಸಿದರೆ ಏಳು ಅಥವಾ ಎಂಟನೇ ತಿರುವಿನ ಆಸುಪಾಸು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೈಬ್ರೇಕ್ ಎಳೆದು, ಕೆಂಪು ತ್ರಿಕೋನ ಇಟ್ಟು ಕೂರುವುದು. ಇಪ್ಪತ್ತೈದು ಮೂವತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್! ಅಲ್ಲಿಂದ ಮನೆ ತನಕ ತೊಂದರೆ ಇಲ್ಲ. ಹೋದ ಸಲ ಹೀಗೆ ಕೂತಿದ್ದಾಗ ಒಂದು ಮಂಗ ಕಿಟಕಿಯಿಂದ ಕೈ ಹಾಕಿ ಬಾಳೆಹಣ್ಣಿನ ಚೀಲ ಎತ್ತಿಕೊಂಡು ಹೋಯಿತು. ನಮ್ಮಾಕೆ ಆವತ್ತಿನಿಂದ ಬಸ್ಸಲ್ಲಿ ಹೋಗೋಣ ಅಂತ ಶುರು ಮಾಡಿದ್ದಾಳೆ.

ಬಿಸಿಯಾಗುತ್ತಿದೆ ಅನ್ನೋಣ ಅಂದರೆ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗುವುದೇ ಇಲ್ಲ. ಫ್ಯಾನ್ ತಿರುಗುತ್ತದೆ. ರೇಡಿಯೇಟರ್ ನೀರು ಕಮ್ಮಿಯಾಗುವುದಿಲ್ಲ, ಆಯಿಲ್ ಬೆಳ್ಳಗಾಗಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಶಿವಮೊಗ್ಗಕ್ಕೆ 70ರ ಸ್ಪೀಡಲ್ಲಿ ಹೋಗಿ ಬಂದರೂ ಒಂದು ಮಿಸ್ಸಿಂಗ್ ಇಲ್ಲ.

ಇಲ್ಲಿಯವರೆಗೆ ಇಬ್ಬರು ಮೆಕ್ಯಾನಿಕ್‌ಗಳು ಸೇರಿ ಮೂರು ಪ್ಲಗ್, ಅವಕ್ಕೆ ಕರೆಂಟ್ ಕೊಡುವ ಕಾಯಿಲ್, ಕಾರ್ಬೊರೇಟರ್ ಕಿಟ್ ಬದಲಾಯಿಸಿದ್ದಾರೆ. 4,350 ರೂಪಾಯಿ ಹೋಯಿತು. ಎರಡನೆಯವರು ಈಗ ಇಂಜಿನ್ ಕೆಲಸ ಮಾಡಿಸಬೇಕು, ಪವರ್ ಇಲ್ಲ ಅನ್ನುತ್ತಿದ್ದಾರೆ. ಪವರ್ ಇಲ್ಲದ ಇಂಜಿನ್ ಮೊದಲ ಆರು ತಿರುವು ಎರಡನೇ ಗೇರಲ್ಲಿ ಹೇಗೆ ಹತ್ತುತ್ತದೆ?

ನಾನು ಅಡಿಕೆ ಸುಲಿಯುವ ಮಷಿನ್, ಪಂಪ್‌ಸೆಟ್, ಔಷಧಿ ಹೊಡೆಯುವ ಪಂಪ್ ಎಲ್ಲ ನಾನೇ ಬಿಚ್ಚಿ ಕಟ್ಟುತ್ತೇನೆ. ಪಾನಾ ಸೆಟ್ ಇದೆ. ಕಾರಿಗೆ ಇದುವರೆಗೆ ಆಯಿಲ್, ಏರ್ ಫಿಲ್ಟರ್ ಬಿಟ್ಟು ಮುಂದೆ ಹೋಗಿಲ್ಲ. ಎಲ್ಲಿಂದ ಶುರು ಮಾಡಲಿ?

ಬಿಟಿಎಂ_ವಾಸಿ

ಸರ್, ಬೇಜಾರು ಮಾಡ್ಕೋಬೇಡಿ. ಅಷ್ಟು ಹಳೇ ಗಾಡಿ ಮೇಲೆ ದುಡ್ಡು ಸುರಿಯುವ ಬದಲು ಕೊಟ್ಟು ಬಿಡಿ. ಒಂದು ಸೆಕೆಂಡ್‌ಹ್ಯಾಂಡ್ ಆಲ್ಟೊ ತಗೊಳ್ಳಿ, ಆರಾಮ.

ತೋಟದಮನೆ

ಸಲಹೆಗೆ ಥ್ಯಾಂಕ್ಸ್. ಗುಜರಿಯವರು ಕೊಡುವ ದುಡ್ಡಲ್ಲಿ ಒಂದು ಕ್ವಿಂಟಲ್ ಅಡಿಕೆಯೂ ಬರುವುದಿಲ್ಲ. ಅದೂ ಅಲ್ಲದೆ ಈ ಗಾಡಿಯಲ್ಲಿ ಅಪ್ಪ ಕೂರುತ್ತಿದ್ದ ಸೀಟಿನ ತಗ್ಗು ಹಾಗೇ ಇದೆ. ಮಾರುವ ಪ್ರಶ್ನೆ ಸದ್ಯಕ್ಕಿಲ್ಲ.

ಹುಬ್ಬಳ್ಳಿ_ರಿಂಗ್‌ರೋಡ್

ರೀ, ನನ್ನ 1995ರ 800ಕ್ಕೂ ಸೇಮ್ ಆಗಿತ್ತು. ಬಿಸಿಯಾದಾಗ ಬಂದ್, ತಣ್ಣಗಾದ್ರೆ ಚಾಲೂ. ನಂದು ಕಾಯಿಲ್. ಕಾಯಿಲ್ ಒಳಗಿನ ವೈರ್ ಬಿಸಿಗೆ ಬಿಟ್ಟುಕೊಂಡು ಕರೆಂಟ್ ನಿಲ್ಲಿಸುತ್ತಿತ್ತು. ನೀವು ಹೊಸದು ಹಾಕಿಸಿದ್ದೀರಿ ನಿಜ, ಆದ್ರೆ ಹೊಸದೆಲ್ಲ ಚಲೋ ಅಂತ ಅಲ್ಲ. ಡುಪ್ಲಿಕೇಟ್ ಕಾಯಿಲ್ ಪೇಟೆ ತುಂಬ ಇವೆ. ಪಾಯಿಂಟ್ (ಕಾಯಿಲ್ ಕರೆಂಟ್ ಕಡಿಯುವ ಸ್ವಿಚ್) ಇರುವ ಗಾಡಿಯಾದರೆ ಅದರ ಜೊತೆಗಿನ ಕಂಡೆನ್ಸರ್ ಕೂಡ ಹಿಂಗೇ ಆಟ ಆಡ್ತದೆ, ಅದು ಸಣ್ಣ ಸಾಮಾನು. ಹಳೇ ಕಾಯಿಲ್ ಬಿಸಾಕಿಲ್ಲ ಅಂದ್ರೆ ಮತ್ತೆ ಅದನ್ನೇ ಹಾಕಿ ಒಂದು ಸಲ ನೋಡ್ರಿ.

ಪದ್ಮಿನಿ_ಕುಡ್ಲ

ಇದು ವೇಪರ್ ಲಾಕ್ ಮಾರಾಯ್ರೆ. ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ ಚಾರ್ಮಾಡಿ ಹತ್ತುವಾಗ ಒಂದು ಬಾಟಲಿ ನೀರು, ಒಂದು ಹಳೇ ಬನಿಯನ್ ತಪ್ಪದೆ ಇರುತ್ತಿತ್ತು. ಗಾಡಿ ನಿಂತ ಕೂಡಲೇ ಬನಿಯನ್ ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಹಾಕುವುದು, ಒಂದು ಚಾ ಕುಡಿಯುವುದು, ಹೊರಡುವುದು. ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾದರೆ ಪಂಪ್ ಎಳೆಯುವುದು ಆವಿಯನ್ನೇ. ಕಾರ್ಬೊರೇಟರಿಗೆ ಪೆಟ್ರೋಲ್ ಹೋಗುವುದಿಲ್ಲ. ನೀವೂ ಒಂದು ಒದ್ದೆ ಬಟ್ಟೆ ಹಾಕಿ ನೋಡಿ.

ಡಿಪೊ_ತಾತ

ತೋಟದಮನೆಯವರೇ, ನಾನು ಮೂವತ್ತು ವರ್ಷ ಬಸ್ ಡಿಪೊ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಈಗ ಹಾಸನದಲ್ಲಿ ಮನೆಯಲ್ಲಿದ್ದೇನೆ. ನನ್ನ ಹತ್ತಿರವೂ ಒಂದು 800 ಇದೆ, ನಿಮ್ಮದಕ್ಕಿಂತ ಮೂರು ವರ್ಷ ಹಳೇದು.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಇನ್ನು ಮೇಲೆ ಒಂದೇ ಒಂದು ಸಾಮಾನು ಬದಲಾಯಿಸಬೇಡಿ. 4,350 ರೂಪಾಯಿ ಕೊಟ್ಟು ನೀವು ತಿಳಿದುಕೊಂಡಿದ್ದು ಏನು? ಏನೂ ಇಲ್ಲ. ಅಂಗಳದಲ್ಲಿ ತಣ್ಣಗೆ ನಿಂತ ಗಾಡಿಯನ್ನು ಬಿಚ್ಚಿ ಯಾರು ನೋಡಿದರೂ ಅದು ಸರಿಯಾಗೇ ಇರುತ್ತದೆ. ಕಾಯಿಲೆ ಇರುವುದು ಎಂಟನೇ ತಿರುವಿನಲ್ಲಿ. ಅಲ್ಲೇ ನೋಡಬೇಕು. ಆ ಅರ್ಧ ಗಂಟೆ ನೀವು ಮಂಗ ನೋಡುತ್ತಾ ಕೂತಿದ್ದಿರಿ, ಅದೇ ಬೇಜಾರು.

ಪೆಟ್ರೋಲ್ ಇಂಜಿನ್ ನಿಂತಿತು ಅಂದರೆ ಕರೆಂಟ್ ಇಲ್ಲ ಅಥವಾ ಪೆಟ್ರೋಲ್ ಇಲ್ಲ. ಮೂರನೆಯದು ಇಂಜಿನ್ ಒಳಗಿನ ತೊಂದರೆ, ಆದರೆ ಅದು ಅರ್ಧ ಗಂಟೆಯಲ್ಲಿ ತಾನಾಗೇ ವಾಸಿಯಾಗುವುದಿಲ್ಲ. ಹಾಗಾಗಿ ಇಂಜಿನ್ ಕೆಲಸದ ಮಾತು ಬಿಡಿ. ಹುಬ್ಬಳ್ಳಿಯವರು ಹೇಳಿದ್ದು ಕರೆಂಟಿನ ಕಡೆ, ಕುಡ್ಲದವರು ಹೇಳಿದ್ದು ಪೆಟ್ರೋಲಿನ ಕಡೆ. ಇಬ್ಬರದ್ದೂ ಸಾಧ್ಯ. ಯಾವುದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೋಗುವ ಮೊದಲು ಒಂದು ತಯಾರಿ ಮಾಡಿ. ಟ್ಯಾಂಕ್ ಕಡೆಯಿಂದ ಪಂಪಿಗೆ ಬರುವ ಪೈಪಿನಲ್ಲಿ, ಪಂಪಿಗೆ ಮುಂಚೆ, ಒಳಗಿರುವುದು ಹೊರಗೆ ಕಾಣುವಂಥ ಪ್ಲಾಸ್ಟಿಕ್ ಫಿಲ್ಟರ್ ಒಂದು ಹಾಕಿ. ಅದರ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ಪಂಪಿನ ಕಡೆ ನೋಡಬೇಕು. ಇಂಜಿನ್ ತಣ್ಣಗಿರುವಾಗ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ. ಬೀಡಿ ಸಿಗರೇಟ್ ಸೇದುವವರನ್ನು ದೂರ ಕಳಿಸಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಬಿಚ್ಚುವ ಮುಂಚೆ ಪೈಪುಗಳ ಫೋಟೊ ತೆಗೆದುಕೊಳ್ಳಿ, ಆಮೇಲೆ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಘಾಟಿಯಲ್ಲಿ ಗಾಡಿ ನಿಂತಾಗ, ಜಾಗ ಸುರಕ್ಷಿತ ಇದ್ದರೆ ಮಾತ್ರ, ಬಾನೆಟ್ ಎತ್ತಿ. ಮೊದಲು ಮೂಗಿಗೆ ಕೆಲಸ ಕೊಡಿ. ಪೆಟ್ರೋಲ್ ವಾಸನೆ ಬಂದರೆ ಮುಂದೆ ಏನೂ ಮಾಡಬೇಡಿ, ದೂರ ಬನ್ನಿ. ವಾಸನೆ ಇಲ್ಲ ಅಂದರೆ, ಜೇಬಲ್ಲಿ ಇಟ್ಟುಕೊಂಡ ಒಂದು ಹಳೇ ಪ್ಲಗ್ಗಿಗೆ ಯಾವುದಾದರೂ ಒಂದು ಪ್ಲಗ್ ವೈರ್ ಸಿಕ್ಕಿಸಿ, ರಬ್ಬರ್ ಹಿಡಿ ಇರುವ ಪ್ಲೇಯರಿನಲ್ಲಿ ಹಿಡಿದು, ಪ್ಲಗ್ಗಿನ ಮೈ ಇಂಜಿನ್ ಕಬ್ಬಿಣಕ್ಕೆ ತಾಗಿಸಿ. ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಕಿಡಿ ಚಟ್ ಚಟ್ ಅಂತ ಬಂದರೆ ಕರೆಂಟ್ ಸರಿ. ಹಳದಿಯಾಗಿ, ಮಂಕಾಗಿ ಬಂದರೆ ಅಥವಾ ಬರದೇ ಇದ್ದರೆ ಹುಬ್ಬಳ್ಳಿಯವರು ಗೆದ್ದರು.

ಆಮೇಲೆ ವೈರ್ ಜಾಗಕ್ಕೆ ಹಾಕಿ, ಕೀ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಬಾಯಿ ಮೇಲಿನಿಂದ ನೋಡಿ. ಆಕ್ಸಿಲರೇಟರ್ ಕೇಬಲ್ ಕೂರುವ ಲಿವರನ್ನು ಕೈಯಲ್ಲಿ ಒಮ್ಮೆ ಎಳೆಯಿರಿ. ಒಳಗೆ ಪೆಟ್ರೋಲ್ ಇದ್ದರೆ ಸಣ್ಣ ಪಿಚಕಾರಿ ಥರ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ, ಪೆಟ್ರೋಲ್ ಬರುತ್ತಿಲ್ಲ. ಆಗ ಹೊಸ ಫಿಲ್ಟರಿನಲ್ಲಿ ಏನು ಕಾಣುತ್ತದೆ ನೋಡಿ. ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ದಾರಿ ಕಟ್ಟಿದೆ ಅಂತ ಅರ್ಥ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಗಾಡಿ ನಾಲ್ಕೈದು ದಿನ ಮನೆಯಲ್ಲೇ ನಿಂತಿದ್ದರೆ ಬೆಳಿಗ್ಗೆ ಎಷ್ಟು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ?

ತೋಟದಮನೆ

ತಾತ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸೆಲ್ಫ್ ವಿಷಯ ನಾನು ಬರೆಯಲೇ ಇಲ್ಲ, ಅದು ಹಳೇ ಗಾಡಿಯ ಸ್ವಭಾವ ಅಂದುಕೊಂಡಿದ್ದೆ. ದಿನಾ ಓಡಿಸಿದರೆ ಒಂದೇ ಹೊಡೆತ. ನಾಲ್ಕು ದಿನ ನಿಂತರೆ ಏಳೆಂಟು ಸಲ ಹೊಡೆಯಬೇಕು. ಚೋಕ್ ಎಳೆದರೂ ಅಷ್ಟೇ. ಎರಡು ವರ್ಷದಿಂದ ಹೀಗೆ.

ಫಿಲ್ಟರ್ ನಾಳೆ ಪೇಟೆಯಿಂದ ತರುತ್ತೇನೆ. ಮುಂದಿನ ಶನಿವಾರ ನೋಡಿಕೊಂಡು ಬಂದು ಬರೆಯುತ್ತೇನೆ.

ಡಿಪೊ_ತಾತ

ಆಯ್ತು. ನನಗೊಂದು ಅನುಮಾನ ಇದೆ, ಈಗ ಹೇಳುವುದಿಲ್ಲ. ಹೇಳಿದರೆ ನೀವು ಅದನ್ನೇ ಹುಡುಕುತ್ತೀರಿ.

ತೋಟದಮನೆ

ಹೋಗಿ ಬಂದೆ. ಬರೆಯಲು ಎರಡು ವಾರ ಆಯಿತು, ಅಡಿಕೆ ಕೊನೆಕೊಯ್ಲು ನಡೆಯುತ್ತಿತ್ತು.

ಗಾಡಿ ಕೈ ಕೊಡಲಿ ಅಂತ ದೇವರಿಗೆ ಹೇಳಿಕೊಂಡು ಘಾಟಿ ಹತ್ತಿದ್ದು ಇದೇ ಮೊದಲು. ಒಂದು ಜೇಬಲ್ಲಿ ಪ್ಲಗ್, ಇನ್ನೊಂದರಲ್ಲಿ ಪ್ಲೇಯರ್. ಆರನೇ ತಿರುವು ದಾಟಿತು, ಏಳು ದಾಟಿತು. ಇವತ್ತು ಇದು ನಿಲ್ಲುವುದೇ ಇಲ್ಲವೇನೋ ಅಂತ ಬೇಜಾರಾಗುವಷ್ಟರಲ್ಲಿ ಎಂಟನೆಯದರ ಮೇಲೆ ಬಿಕ್ಕಳಿಕೆ ಶುರು. ನನಗೆ ಖುಷಿ, ನಮ್ಮಾಕೆಗೆ ಸಿಟ್ಟು.

ಬಾನೆಟ್ ಎತ್ತಿದೆ. ಪೆಟ್ರೋಲ್ ವಾಸನೆ ಇಲ್ಲ. ಪ್ಲಗ್ ಸಿಕ್ಕಿಸಿ ಹಿಡಿದೆ, ಅವಳು ಸೆಲ್ಫ್ ಹೊಡೆದಳು. ನೀಲಿ ಕಿಡಿ, ಚಟ್ ಚಟ್ ಅಂತ ಸದ್ದು ಬರುವಷ್ಟು ಜೋರು. ಹುಬ್ಬಳ್ಳಿಯವರೇ, ಕಾಯಿಲ್ ನಿರಪರಾಧಿ. ಹಳೆಯದು ಕೂಡ ನಿರಪರಾಧಿಯೇ ಇರಬೇಕು, ಡಬ್ಬಿಯಲ್ಲಿ ಇಟ್ಟಿದ್ದೇನೆ.

ಏರ್ ಫಿಲ್ಟರ್ ಮುಚ್ಚಳ ತೆಗೆದು ಲಿವರ್ ಎಳೆದೆ. ಒಂದು ಹನಿ ಚಿಮ್ಮಲಿಲ್ಲ. ಮತ್ತೆ ಎಳೆದೆ. ಒಣ. ಸರಿ ಅಂತ ಹೊಸ ಫಿಲ್ಟರ್ ಕಡೆ ಮೊಬೈಲ್ ಟಾರ್ಚ್ ಬಿಟ್ಟೆ. ಮನೆಯಿಂದ ಹೊರಡುವಾಗ ಮುಕ್ಕಾಲು ತುಂಬಿದ್ದು ಈಗ ತಳದಲ್ಲಿ ಒಂದು ಚಮಚದಷ್ಟು. ಅವಳಿಗೆ ಇನ್ನೊಮ್ಮೆ ಸೆಲ್ಫ್ ಹೊಡಿ ಅಂದೆ. ಪೆಟ್ರೋಲ್ ಬರುವ ಬದಲು ಗುಳ್ಳೆ ಬಂತು! ಮೂಲೆಯಿಂದ ಗುಳುಗುಳು ಅಂತ ಸಣ್ಣ ಸಣ್ಣ ಗುಳ್ಳೆ. ಟ್ಯಾಂಕ್ ಮುಚ್ಚಳ ತೆಗೆದೆ, ಬುಸ್ ಇಲ್ಲ. ಕುಡ್ಲದವರ ಮಾತಿಗೆ ಬೆಲೆ ಕೊಟ್ಟು ಪಂಪಿನ ಮೇಲೆ ಒದ್ದೆ ಟವೆಲ್ ಹಾಕಿದೆ. ಹತ್ತು ನಿಮಿಷಕ್ಕೆ ಏನೂ ಆಗಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಎಂದಿನ ಹಾಗೆ ಸ್ಟಾರ್ಟ್ ಆಯಿತು, ಟವೆಲ್ಲಿಗೆ ಅದರ ಕೀರ್ತಿ ಕೊಡಲು ಮನಸ್ಸಿಲ್ಲ.

ದಾರಿಯುದ್ದಕ್ಕೂ ಆ ಗುಳ್ಳೆಯೇ ತಲೆಯಲ್ಲಿ. ಎಲ್ಲೋ ನೋಡಿದ್ದೇನೆ ಇದನ್ನ ಅನ್ನಿಸುತ್ತಿತ್ತು. ಆಗುಂಬೆ ಪೇಟೆ ದಾಟಿದ ಮೇಲೆ ಹೊಳೆಯಿತು. ನಮ್ಮ ತೋಟದ ಹಳ್ಳದ ಪಂಪ್‌ಸೆಟ್! ಬೇಸಿಗೆಯಲ್ಲಿ ಹಳ್ಳದ ನೀರು ಕೆಳಗೆ ಹೋದಾಗ ಅದು ನೀರು ಎತ್ತುವುದಿಲ್ಲ, ಬರೀ ಗಾಳಿ ಹೊಡೆಯುತ್ತದೆ. ನೀರು ಮೇಲಿದ್ದಾಗ ತೊಂದರೆ ಇಲ್ಲ. ಫುಟ್‌ವಾಲ್ವ್ ನೋಡುತ್ತೇವೆ, ಸರಿ ಇರುತ್ತದೆ. ಕೊನೆಗೆ ನೋಡಿದರೆ ಸಕ್ಷನ್ ಪೈಪಿನ ಜಾಯಿಂಟಲ್ಲಿ ಕೂದಲೆಳೆ ಸೀಳು. ಅಲ್ಲಿಂದ ಒಂದು ತೊಟ್ಟು ನೀರೂ ಸೋರುವುದಿಲ್ಲ. ಯಾಕೆಂದರೆ ಅದು ನೂಕುವ ಪೈಪಲ್ಲ, ಎಳೆಯುವ ಪೈಪು. ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜಾಯಿಂಟಿಗೆ ಅಂಟುಮಣ್ಣು ಮೆತ್ತಿದರೆ ಪಂಪ್ ಮತ್ತೆ ನೀರು ಹಿಡಿಯುತ್ತದೆ. ನೂರು ಸಲ ಮೆತ್ತಿದ್ದೇನೆ.

800ರಲ್ಲೂ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಇಂಜಿನ್ ಮೇಲೆ. ಘಾಟಿ ಹತ್ತುವಾಗ ಮೂತಿ ಮೇಲೆ, ಟ್ಯಾಂಕ್ ಕೆಳಗೆ. ಅಂದರೆ ಹಳ್ಳದ ನೀರು ಕೆಳಗೆ ಹೋದ ಹಾಗೇ ಅಲ್ವಾ? ಜೊತೆಗೆ ಎರಡನೇ ಗೇರಲ್ಲಿ ಪೂರ್ತಿ ತುಳಿದಾಗ ಇಂಜಿನ್ ಕೇಳುವ ಪೆಟ್ರೋಲೂ ಜಾಸ್ತಿ.

ಮರುದಿನ ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಅಂಗಳಕ್ಕೆ ಗಾಡಿ ತಂದು ಸ್ಟಾರ್ಟ್ ಮಾಡಿದೆ. ಫಿಲ್ಟರಿನಲ್ಲಿ ಎಲ್ಲೋ ಒಂದೊಂದು ಗುಳ್ಳೆ. ಕೆಳಗಿನ ಕಬ್ಬಿಣದ ಪೈಪಿನಿಂದ ಇಂಜಿನ್ ಕಡೆಗೆ ಏರುವ ಒಂದು ರಬ್ಬರ್ ಹೋಸ್ ಇದೆ. ಬೆರಳಲ್ಲಿ ಅದನ್ನು ಒಂದು ಕಡೆಗೆ ಬಾಗಿಸಿದೆ. ಗುಳ್ಳೆ ಹೊಳೆಯಂತೆ ಬಂತು. ಬಿಟ್ಟೆ, ಕಮ್ಮಿಯಾಯಿತು. ಬಾಗಿಸಿದೆ, ಮತ್ತೆ ಬಂತು. ನಮ್ಮಾಕೆಯನ್ನು ಕರೆದು ತೋರಿಸಿದೆ. "ಇದಕ್ಕಾ ಅವರು ಇಂಜಿನ್ ಬಿಚ್ಚಬೇಕು ಅಂದಿದ್ದು?" ಅಂದಳು.

ಇಂಜಿನ್ ತಣ್ಣಗಾದ ಮೇಲೆ ಹೋಸ್ ಬಿಚ್ಚಿದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಸ್ವಲ್ಪ ಧೂಳು ಅಷ್ಟೇ. ಕ್ಲಿಪ್ ಕೂತಿದ್ದ ತುದಿ ಮರದ ಹಾಗೆ ಗಟ್ಟಿ. ಮಡಚಿದರೆ ಒಣಗಿದ ಅಡಿಕೆ ಹಾಳೆ ಸೀಳಿದ ಹಾಗೆ ಉದ್ದಕ್ಕೆ ಬಾಯಿ ಬಿಡುತ್ತದೆ. ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಎಲ್ಲಿ ಸೀಳಿದೆ ಅಂತ ಹುಡುಕಬೇಕು. ಚಾಕುವಿನಲ್ಲಿ ಉದ್ದಕ್ಕೆ ಕೊಯ್ದು ಒಳಗೆ ನೋಡಿದೆ. ಹೊರಗೆ ಮರ, ಒಳಗೆ ಬೆಂದ ಬದನೆಕಾಯಿ. ಬೆರಳು ಹಾಕಿ ಉಜ್ಜಿದರೆ ಕಾಡಿಗೆಯಂತೆ ಕಪ್ಪು ಅಂಟಿತು, ಸೋಪು ಹಾಕಿದರೂ ಎರಡು ದಿನ ಹೋಗಲಿಲ್ಲ.

ಅರ್ಧ ಮೀಟರ್ ಹೊಸ ಹೋಸ್, ನಾಲ್ಕು ಕ್ಲಿಪ್ ಸೇರಿ 210 ರೂಪಾಯಿ. ತಾತ, ನಿಮ್ಮ ಅನುಮಾನ ಇದೇನಾ?

ಡಿಪೊ_ತಾತ

ಇದೇ. ನಾಲ್ಕು ದಿನ ನಿಂತರೆ ಏಳೆಂಟು ಸಲ ಸೆಲ್ಫ್ ಅಂದಾಗಲೇ ಮುಕ್ಕಾಲು ಗೊತ್ತಾಯಿತು. ಗಾಡಿ ನಿಂತ ಮೇಲೆ ಆ ಸೀಳಿನಿಂದ ಗಾಳಿ ನುಗ್ಗಿ ಪೈಪಿನಲ್ಲಿರುವ ಪೆಟ್ರೋಲ್ ಟ್ಯಾಂಕಿಗೆ ಇಳಿದು ಹೋಗುತ್ತದೆ. ಒಂದೆರಡು ದಿನವಾದರೆ ಕಾರ್ಬೊರೇಟರ್ ಬೌಲಿನಲ್ಲಿ ಉಳಿದದ್ದು ಸಾಕು, ಹಿಡಿಯುತ್ತದೆ. ನಾಲ್ಕು ದಿನವಾದರೆ ಅದೂ ಆರಿರುತ್ತದೆ. ಆಗ ಟ್ಯಾಂಕಿನಿಂದ ಎಳೆದು ತರಬೇಕು. ಡೀಸೆಲ್ ಬಸ್ಸಿಗೆ ಏರ್ ಹಿಡಿಯುವುದು ಅಂದರೆ ಇದೇ ಜಾತಿ, ಡಿಪೊದಲ್ಲಿ ವಾರಕ್ಕೊಂದು ನೋಡುತ್ತಿದ್ದೆವು. ಹೆಚ್ಚಿನ ಸಲ ಎರಡು ರೂಪಾಯಿ ವಾಷರ್.

ಕುಡ್ಲದವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬಿಸಿಗೆ ಆ ಹೋಸ್ ಮೆತ್ತಗಾಗಿ ಸೀಳು ಬಾಯಿ ಬಿಡುತ್ತಿತ್ತು, ಅದರ ಮೇಲೆ ಪೆಟ್ರೋಲೂ ಬಿಸಿ. ತಣ್ಣಗಾದ ಮೇಲೆ ಹೋಸ್ ಬಿಗಿಯಾಗಿ ಪಂಪ್ ಮತ್ತೆ ಹಿಡಿಯುತ್ತಿತ್ತು. ಅದಕ್ಕೇ ನಿಮಗೆ ಅರ್ಧ ಗಂಟೆ.

ಈಗ ಒಂದು ಪ್ರಶ್ನೆ. ಹೊಸ ಹೋಸಿನ ಮೇಲೆ ಏನು ಬರೆದಿದೆ?

ತೋಟದಮನೆ

ಏನೂ ಬರೆದಿಲ್ಲ. ಬರೀ ಕಪ್ಪು ಹೋಸ್. ಅಂಗಡಿಯವರು ಪೆಟ್ರೋಲ್ ಪೈಪ್ ಅಂತ ಕೊಟ್ಟರು.

ಡಿಪೊ_ತಾತ

ಹಾಗಾದರೆ ಅದು ಒಂದು ವರ್ಷದ ನೆಂಟ. ಈಗ ಬಂಕಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಅದನ್ನು ಬಿಡುಗಡೆ ಮಾಡಿದ್ದು, ಈಗ ಎಲ್ಲ ಕಡೆ ಅದೇ. ನಮ್ಮ ಗಾಡಿ ಮಾಡಿದ ಕಾಲದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೇ ರಬ್ಬರಿಗೆ ಎಥನಾಲ್ ಆಗುವುದಿಲ್ಲ, ಊದುತ್ತದೆ, ಮೆತ್ತಗಾಗುತ್ತದೆ. ನಿಮ್ಮ ಬೆಂದ ಬದನೆಕಾಯಿಗೆ ವಯಸ್ಸು ಒಂದು ಕಾರಣ, ಇದು ಇನ್ನೊಂದು.

ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನು ಕೇಳಿ ತೆಗೆದುಕೊಳ್ಳಿ. ಅದರ ಒಳಪದರ ಬೇರೆ ರಬ್ಬರಿನದು, ಎಥನಾಲ್ ತಡೆಯುತ್ತದೆ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಹುಡುಕಿಸಿ. ರೇಟು ಜಾಸ್ತಿ, ಆದರೂ ಅದೇ ಹಾಕಿ. ಹಳೇ ತುಂಡು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಒಳಗಿನ ಅಳತೆ ಸರಿಯಿಲ್ಲದೆ ಕ್ಲಿಪ್ಪಿನಲ್ಲಿ ಬಿಗಿದು ಸರಿ ಮಾಡುವುದು ಬೇಡ. ಬದಲಾಯಿಸುವಾಗ ಒಂದೇ ಅಲ್ಲ, ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಇರುವ ರಬ್ಬರ್ ತುಂಡು ಎಲ್ಲ ಬದಲಾಯಿಸಿ. ಒಂದು ಹೋಯಿತು ಅಂದರೆ ಅದರ ಅಣ್ಣತಮ್ಮಂದಿರ ವಯಸ್ಸೂ ಅಷ್ಟೇ. ಪಂಪ್ ಆದ ಮೇಲಿನ ತುಂಡು ಸೀಳಿದರೆ ಗಾಳಿ ಒಳಗೆ ಹೋಗುವುದಿಲ್ಲ, ಪೆಟ್ರೋಲ್ ಹೊರಗೆ ಬಂದು ಬಿಸಿ ಇಂಜಿನ್ ಮೇಲೆ ಬೀಳುತ್ತದೆ. ಆಗ ಗಾಡಿ ನಿಲ್ಲುವುದಲ್ಲ, ಹೊತ್ತಿಕೊಳ್ಳುತ್ತದೆ.

ಹುಬ್ಬಳ್ಳಿ_ರಿಂಗ್‌ರೋಡ್

ಕಾಯಿಲ್ ಅಲ್ಲ ಅಂತ ಒಪ್ಪಿದೆ. ತಾತ, ನನ್ನ ಗಾಡಿ ತಿಂಗಳುಗಟ್ಟಲೆ ನಿಂತೇ ಇರ್ತದೆ. ಈ ಎಥನಾಲ್ ಪೆಟ್ರೋಲ್ ಟ್ಯಾಂಕಲ್ಲಿ ಬಿಟ್ಟರೆ ನಡೀತದಾ?

ಡಿಪೊ_ತಾತ

ತಿಂಗಳುಗಟ್ಟಲೆ ಬೇಡ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಅದನ್ನು ಕಟ್ಟಿಕೊಂಡು ಟ್ಯಾಂಕಿನ ತಳಕ್ಕೆ ಕೂರುತ್ತದೆ, ತಗಡಿನ ಟ್ಯಾಂಕಿಗೆ ತುಕ್ಕು. ಹದಿನೈದು ದಿನಕ್ಕೊಮ್ಮೆ ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಸುಮ್ನೆ ಮನೆ ಮುಂದೆ ಐದು ನಿಮಿಷ ಆನ್ ಮಾಡಿಟ್ಟರೆ ಪ್ರಯೋಜನ ಇಲ್ಲ.

ಪದ್ಮಿನಿ_ಕುಡ್ಲ

ನಾನೂ ಹೋಗಿ ಪದ್ಮಿನಿಯ ಹೋಸ್ ಬಾಗಿಸಿ ನೋಡಿದೆ. ಎರಡು ತುಂಡು ಕೈಯಲ್ಲೇ ಬಂತು. ಇಷ್ಟು ವರ್ಷ ಬನಿಯನ್ ನೆನೆಸಿದ್ದೆಲ್ಲ ಯಾಕೆ ಅಂತ ಈಗ ಅನುಮಾನ.

ತೋಟದಮನೆ

ಕೊನೆಯ ವರದಿ. ಆರ್9 ಹೋಸ್ ಬೆಂಗಳೂರಿನಲ್ಲಿರುವ ಭಾವನ ಕೈಯಲ್ಲಿ ತರಿಸಿದೆ. ಒಂದೂವರೆ ಮೀಟರ್. ಒಟ್ಟು ಐದು ತುಂಡು ಬದಲಾಯಿಸಿದೆ, ಟ್ಯಾಂಕ್ ಹತ್ತಿರದ್ದಕ್ಕೆ ಮಾತ್ರ ಬೆನ್ನಡಿ ಗೋಣಿಚೀಲ ಹಾಕಿಕೊಂಡು ಮಲಗಬೇಕಾಯಿತು. ಬಿಚ್ಚುವಾಗ ಒಂದು ಲೋಟದಷ್ಟು ಪೆಟ್ರೋಲ್ ತೋಳಿನ ಮೇಲೆ ಇಳಿಯಿತು, ಮೊದಲೇ ಟ್ಯಾಂಕ್ ಕಾಲುಭಾಗಕ್ಕೆ ಇಳಿಸಿಕೊಂಡಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು ಊಟದ ಹೊತ್ತಿಗೆ ಮುಗಿಯಿತು. ಇಬ್ಬರು ಕೆಲಸದವರು ಅಡಿಕೆ ಸುಲಿಯುವುದು ಬಿಟ್ಟು ನನ್ನನ್ನೇ ನೋಡುತ್ತಾ ಕೂತಿದ್ದರು, ಅದರ ಲೆಕ್ಕ ಬೇರೆ.

ಮೊನ್ನೆ ಶನಿವಾರ ಸೋಮೇಶ್ವರದಿಂದ ಹೊರಟು ನಿಲ್ಲಿಸದೆ ಹದಿನಾಲ್ಕೂ ತಿರುವು ಹತ್ತಿದೆ. ಎಂಟನೇ ತಿರುವು ಬಂದಾಗ ನಮ್ಮಾಕೆ ಮಾತಾಡದೆ ಕಿಟಕಿ ಗಾಜು ಏರಿಸಿದಳು, ಮಂಗಕ್ಕೆ ಹೆದರಿ. ಮೇಲೆ ಆಗುಂಬೆಯಲ್ಲಿ ಚಾ ಕುಡಿಯಲು ನಿಲ್ಲಿಸಿ ಫಿಲ್ಟರ್ ನೋಡಿದೆ. ಮುಕ್ಕಾಲು ತುಂಬಿತ್ತು, ಒಂದು ಗುಳ್ಳೆ ಇಲ್ಲ. ನಾಲ್ಕು ದಿನ ನಿಲ್ಲಿಸಿ ಇವತ್ತು ಬೆಳಿಗ್ಗೆ ಸೆಲ್ಫ್ ಹೊಡೆದೆ. ಎರಡನೇ ಹೊಡೆತಕ್ಕೆ ಹಿಡಿಯಿತು.

ಈಗ ಅವಳು ಏರಿಸಿದ ಆ ಕಿಟಕಿ ಗಾಜು ಇಳಿಯುತ್ತಿಲ್ಲ. ಹ್ಯಾಂಡಲ್ ಸುಮ್ನೆ ಸುತ್ತುತ್ತದೆ. ಮೊದಲು ಬಾಗಿಲ ಒಳಗಿನ ಹಲಗೆ ತೆಗೆದು ನೋಡುತ್ತೇನೆ, ಸಾಮಾನು ತರುವುದಿಲ್ಲ. ಗೊತ್ತಾಗದಿದ್ದರೆ ಬೇರೆ ಪ್ರಶ್ನೆ ಹಾಕುತ್ತೇನೆ.